ಅಮ್ಮನಿಗೆ ಲಿವರ್ ಬಯಾಪ್ಸಿ ಇದೆ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾ?

ಪ್ರಶ್ನೆ: ಕಿರುದೀಪ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಅಮ್ಮನಿಗೆ 61 ವರ್ಷ. ಎಂಟು ತಿಂಗಳಿಂದ ಲಿವರ್ ಟೆಸ್ಟ್ ಮಾಡಿಸಿದಾಗಲೆಲ್ಲ ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಅಂಶ) ಜಾಸ್ತಿ ಬರುತ್ತಿದೆ. ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ. ಆಂಟಿಬಾಡಿ ಟೆಸ್ಟ್ ಪಾಸಿಟಿವ್ ಬಂದ ಮೇಲೆ ಡಾಕ್ಟರು, "ಆಟೋಇಮ್ಯೂನ್ ಹೆಪಟೈಟಿಸ್ ಇರಬಹುದು, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಲಿವರಿನ ಮೇಲೆ ದಾಳಿ ಮಾಡುವ ಕಾಯಿಲೆ. ಸ್ಟೀರಾಯ್ಡ್ ಶುರು ಮಾಡುವ ಮುಂಚೆ ಬಯಾಪ್ಸಿ ಮಾಡಿ ನೋಡಿಬಿಡೋಣ" ಎಂದರು. ಮುಂದಿನ ಗುರುವಾರ ಬೆಳಗ್ಗೆ ಏಳಕ್ಕೆ ಹೋಗಬೇಕು. ಎಲ್ಲ ಸರಿ ಇದ್ದರೆ ಸಂಜೆ ಕಳಿಸುತ್ತಾರಂತೆ.

ನನಗೆ ಸೂಜಿಗಿಂತ ಆ ಸಂಜೆಯದೇ ಭಯ. ಲಿವರ್ ಒಳಗಿಂದ ತುಂಡು ತೆಗೆದು ಅದೇ ದಿನ ಮನೆಗೆ ಕಳಿಸುವುದು ಅಂದರೆ ಏನು? ರಾತ್ರಿ ಒಳಗೊಳಗೇ ರಕ್ತ ಹೋದರೆ ನಮಗೆ ಹೇಗೆ ಗೊತ್ತಾಗಬೇಕು?

ಅದರ ಜೊತೆಗೆ ಅಮ್ಮನ ಸ್ವಭಾವ. ನೋವು ಅಂತ ಬಾಯಿ ಬಿಡುವವರಲ್ಲ. ಹಿಂದೊಮ್ಮೆ ಬಿದ್ದು ಮಣಿಕಟ್ಟು ಮುರಿದಿತ್ತು. ಎರಡು ದಿನ "ಸ್ವಲ್ಪ ಊದಿದೆ ಅಷ್ಟೇ" ಅಂತ ಅದೇ ಕೈಯಲ್ಲಿ ಬಟ್ಟೆ ಹಿಂಡಿದರು. ಅಂಥವರು ಆಸ್ಪತ್ರೆಯಲ್ಲಿ ಯಾರಿಗೋ ನೋವು ಅಂತ ಹೇಳುತ್ತಾರಾ?

ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ಅಮ್ಮನ ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್ 75 ಮಿಲಿಗ್ರಾಂ ದಿನಾ ತೆಗೆದುಕೊಳ್ಳುತ್ತಾರೆ. ಬಯಾಪ್ಸಿಗೆ ದಿನ ಗೊತ್ತು ಮಾಡಿದವರು ಫೋನಿನಲ್ಲಿ "ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನಿಲ್ಲಿಸಿಬಿಡಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಸ್ಟೆಂಟ್ ಇದೆ ಅಂತ ಅವರು ಕೇಳಲೂ ಇಲ್ಲ, ನನಗೆ ಹೇಳಲೂ ತೋಚಲಿಲ್ಲ. ನಾಳೆಯಿಂದ ನಿಲ್ಲಿಸಲಾ?

ಮಾಡಿಸಿಕೊಂಡವರು, ಜೊತೆಗೆ ಹೋದವರು ದಯವಿಟ್ಟು ಹೇಳಿ.


ಉತ್ತರ: ಎರಡು ಸಲ ಮಲಗಿದವನು

ಮೊದಲು ಕೊನೆಯ ಪ್ರಶ್ನೆಗೆ. ದಯವಿಟ್ಟು ನೀವಾಗಿಯೇ ಆಸ್ಪಿರಿನ್ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಉಳಿದದ್ದನ್ನು ಗೊತ್ತಿರುವವರು ಹೇಳಲಿ.

ನನಗೆ ಒಂಬತ್ತು ವರ್ಷದ ಅಂತರದಲ್ಲಿ ಎರಡು ಬಯಾಪ್ಸಿ ಆಗಿದೆ. ಎರಡೂ ಸಲ ಸೂಜಿ ಹೆಚ್ಚುಕಡಿಮೆ ಅದೇ, ಜಾಗವೂ ಅದೇ, ಬಲಗಡೆ ಪಕ್ಕೆಲುಬುಗಳ ಸಂದಿ. ಆದರೆ ಅನುಭವ ಅಜಗಜಾಂತರ. ಯಾಕೆ ಅಂತ ಹೇಳುತ್ತೇನೆ, ಅಮ್ಮನಿಗೆ ಉಪಯೋಗ ಆಗಬಹುದು.

ಮೊದಲ ಸಲ ನನಗೆ ಯಾರೂ ಏನೂ ಹೇಳಿರಲಿಲ್ಲ. ಬಲಗೈ ತಲೆ ಮೇಲೆ ಇಟ್ಟುಕೊಂಡು ಮಲಗಿದೆ. ತಣ್ಣಗೆ ಏನೋ ಒರೆಸಿದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟಾಗ ಚೆನ್ನಾಗಿ ಉರಿಯಿತು. ಆಮೇಲೆ "ಉಸಿರು ಬಿಡಿ, ಹಿಡಿದುಕೊಳ್ಳಿ" ಎಂದರು. ಮರುಕ್ಷಣ ಕಿವಿ ಹತ್ತಿರವೇ ಎಂಬಂತೆ "ಟಪ್" ಅಂತ ಸದ್ದು, ಜೊತೆಗೆ ಪಕ್ಕೆಗೆ ಯಾರೋ ಗುದ್ದಿದ ಹಾಗೆ. ನೋವಿಗಿಂತ ಆ ಸದ್ದಿಗೇ ಬೆಚ್ಚಿಬಿದ್ದೆ. ಏನೋ ಮುರಿಯಿತು ಅಂದುಕೊಂಡೆ. ಎರಡನೇ ತುಂಡು ತೆಗೆಯುವಾಗ ಕೈಕಾಲು ನಡುಗುತ್ತಿತ್ತು.

ಎರಡನೇ ಸಲ ಬೇರೆ ಆಸ್ಪತ್ರೆ. ಅಲ್ಲಿನ ಸಿಸ್ಟರ್ ಶುರು ಮಾಡುವ ಮೊದಲು ಡಾಕ್ಟರ ಕೈಯಲ್ಲಿದ್ದ ಬಯಾಪ್ಸಿ ಗನ್ ತೋರಿಸಿ, "ಸರ್, ಇದು ಒಂದು ಸದ್ದು ಮಾಡುತ್ತದೆ, ಈಗಲೇ ಕೇಳಿಬಿಡಿ" ಎಂದರು. ಡಾಕ್ಟರು ಗಾಳಿಯಲ್ಲಿ ಒಮ್ಮೆ ಒತ್ತಿ ತೋರಿಸಿದರು. ಟಪ್. ಅಷ್ಟೇ. ಒಳಗೆ ಹೋದಾಗ ಅದೇ ಸದ್ದು ಬಂತು, ಈ ಸಲ ನಾನು ಅಲುಗಲಿಲ್ಲ. ಎರಡು ಸೆಕೆಂಡಿನ ಕೆಲಸ ಅದು. ಅಮ್ಮನಿಗೂ ಕೇಳಿಸಿ ಅಂತ ನೀವೇ ಕೇಳಿಕೊಳ್ಳಿ, ಸಂಕೋಚ ಬೇಡ.

ಇನ್ನೊಂದು, ಬಲ ಭುಜದ ನೋವು. ಮೊದಲ ಸಲ ಸುಮಾರು ಅರ್ಧ ಗಂಟೆ ಆದ ಮೇಲೆ ಭುಜದ ತುದಿ ಹಿಡಿದುಕೊಂಡಿತು. ಸೂಜಿ ಚುಚ್ಚಿದ್ದು ಪಕ್ಕೆಗೆ, ನೋವು ಭುಜಕ್ಕೆ ಯಾಕೆ? ಹಾರ್ಟ್ ಅಟ್ಯಾಕ್ ಅಂದುಕೊಂಡು ಬೆವತುಹೋದೆ, ಆದರೂ ಹೇಳಲಿಲ್ಲ. ಇದೂ ಬರಬಹುದು ಅಂತ ಮೊದಲೇ ಗೊತ್ತಿದ್ದರೆ ಆ ಭಯ ಪಡಬೇಕಾಗಿರಲಿಲ್ಲ. ಅಮ್ಮನಿಗೆ ಈಗಲೇ ಹೇಳಿಡಿ.


ಉತ್ತರ: ಹಗಲು ವಾರ್ಡಿನ ಸಿಸ್ಟರ್

ಕಿರುದೀಪ ಅವರೇ, ನಾನು 14 ವರ್ಷದಿಂದ ಡೇ ಕೇರ್ ವಾರ್ಡಿನಲ್ಲಿ ನರ್ಸ್. ಬಯಾಪ್ಸಿ ಆದವರನ್ನು ನೋಡಿಕೊಳ್ಳುವುದು ನನ್ನ ದಿನದ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಆಸ್ಪಿರಿನ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಕೆಲವು ಡಾಕ್ಟರು ಕೆಲವು ದಿನ ಮುಂಚೆ ನಿಲ್ಲಿಸುತ್ತಾರೆ, ಕೆಲವರು ಆಸ್ಪಿರಿನ್ ಇದ್ದರೂ ಮಾಡುತ್ತಾರೆ. ಸ್ಟೆಂಟ್ ಇದ್ದವರಿಗೆ ಆ ನಿರ್ಧಾರ ಹಾರ್ಟ್ ಡಾಕ್ಟರು, ಲಿವರ್ ಡಾಕ್ಟರು ಇಬ್ಬರೂ ಮಾತಾಡಿ ತೆಗೆದುಕೊಳ್ಳಬೇಕಾದದ್ದು. ನೀವು ಮಧ್ಯದಲ್ಲಿ ಸುದ್ದಿ ಸಾಗಿಸುವುದಕ್ಕಿಂತ ಅವರಿಬ್ಬರೇ ಫೋನಿನಲ್ಲಿ ಮಾತಾಡಲಿ ಅಂತ ಗಟ್ಟಿಯಾಗಿ ಕೇಳಿ. ನಿಲ್ಲಿಸುವುದಾದರೆ ಯಾವ ದಿನದಿಂದ, ಮತ್ತೆ ಶುರು ಯಾವ ದಿನ, ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಮತ್ತೆ ಶುರು ಮಾಡುವುದನ್ನು ಮರೆತು ತಿಂಗಳುಗಟ್ಟಲೆ ಬಿಟ್ಟವರನ್ನು ನೋಡಿದ್ದೇನೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳನ್ನು ಅಮ್ಮ ಸುಮ್ನೆ ತೆಗೆದುಕೊಳ್ಳುವ ಅಭ್ಯಾಸ ಇದ್ದರೆ ಅದನ್ನೂ ಹೇಳಿ. ಬಹಳ ಜನಕ್ಕೆ ಅದೂ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಅಂತ ಗೊತ್ತಿರುವುದಿಲ್ಲ.

ಮುಂಚೆ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯಾ ಅಂತ ತಿಳಿಯಲು ಪ್ಲೇಟ್‌ಲೆಟ್, ಐಎನ್‌ಆರ್ ಎಂಬ ಎರಡು ರಕ್ತಪರೀಕ್ಷೆ ನೋಡುತ್ತಾರೆ. ಪ್ಲೇಟ್‌ಲೆಟ್ ತುಂಬ ಕಡಿಮೆ ಇದ್ದರೆ ಅಥವಾ ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಪಕ್ಕೆಯಿಂದ ಚುಚ್ಚದೆ ಕತ್ತಿನ ರಕ್ತನಾಳದ ಮೂಲಕ ಹೋಗಿ ತೆಗೆಯುವ ದಾರಿಯೂ ಇದೆ. ಅಮ್ಮನಿಗೆ ಅದು ಬೇಕಾಗುವ ಹಾಗೆ ಕಾಣುವುದಿಲ್ಲ.

ಈಗ ನಿಮ್ಮ ಭಯಕ್ಕೆ ಬರುತ್ತೇನೆ. ಸೂಜಿ ಲಿವರ್ ಒಳಗೆ ಇರುವುದು ರೆಪ್ಪೆ ಮುಚ್ಚಿ ತೆಗೆಯುವಷ್ಟು ಹೊತ್ತು. 1958ರಲ್ಲಿ ಇಟಲಿಯ ಡಾಕ್ಟರ್ ಮೆಂಗಿನಿ ಒಂದೇ ಸೆಕೆಂಡಿನಲ್ಲಿ ಮುಗಿಯುವ ವಿಧಾನ ತಂದ ಮೇಲೆಯೇ ಇದು ಇಷ್ಟು ಸಲೀಸಾದದ್ದು. ಅದಕ್ಕೂ ಮುಂಚೆ ಸೂಜಿ ಒಳಗೆ ಜಾಸ್ತಿ ಹೊತ್ತು ಇರುತ್ತಿತ್ತು. ಉಸಿರು ಬಿಟ್ಟು ಹಿಡಿದುಕೊಳ್ಳಿ ಅನ್ನುವುದೂ ಇದಕ್ಕೇ. ಉಸಿರಾಡಿದಾಗ ಲಿವರ್ ಮೇಲೆ ಕೆಳಗೆ ಜರುಗುತ್ತದೆ. ಜರುಗುವಾಗ ಸೂಜಿ ಇದ್ದರೆ ಸೀಳುತ್ತದೆ. ಉಸಿರು ಪೂರ್ತಿ ಬಿಟ್ಟಾಗ ಶ್ವಾಸಕೋಶವೂ ಮೇಲಕ್ಕೆ ಸರಿದು ದಾರಿ ಬಿಡುತ್ತದೆ. ಮನೆಯಲ್ಲೇ ಅಮ್ಮನಿಗೆ ಅಭ್ಯಾಸ ಮಾಡಿಸಿ. ಮಲಗಿಸಿ, ಉಸಿರು ಬಿಟ್ಟು ಐದು ಎಣಿಸುವ ತನಕ ಹಿಡಿಯಲಿ. ದಿನಕ್ಕೆ ನಾಲ್ಕು ಸಲ ಸಾಕು. ಬಹಳ ಜನ ಗಾಬರಿಯಲ್ಲಿ ಉಸಿರು ಒಳಗೆ ಎಳೆದುಕೊಂಡು ಹಿಡಿಯುತ್ತಾರೆ.

ತೆಗೆಯುವ ತುಂಡು ಶಾವಿಗೆ ಎಳೆಯಷ್ಟು ಸಣ್ಣದು, ಎರಡು ಮೂರು ಸೆಂಟಿಮೀಟರ್ ಉದ್ದ. ಇಡೀ ಲಿವರಿನ ಸುಮಾರು 50,000ದಲ್ಲಿ ಒಂದು ಪಾಲು. ಲಿವರಿನ ಒಳಗೆ ನೋವು ತಿಳಿಯುವ ನರ ಇಲ್ಲ. ಅದರ ಮೇಲಿನ ತೆಳು ಪೊರೆಗೆ ಇದೆ. ಆ ಪೊರೆ, ಅದರ ಪಕ್ಕದ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಕೆರಳಿದಾಗ ಬಲ ಭುಜಕ್ಕೆ ನೋವು ಹಾಯುತ್ತದೆ. ವಪೆಯ ನರವೂ ಭುಜದ ನರವೂ ಕತ್ತಿನಲ್ಲಿ ಒಂದೇ ಕಡೆಯಿಂದ ಹೊರಡುತ್ತವೆ, ಅದಕ್ಕೆ.

ನಿಜವಾದ ಕಾವಲು ಇರುವುದು ಆಮೇಲಿನ ಗಂಟೆಗಳಲ್ಲಿ. ಇಟಲಿಯಲ್ಲಿ 68,276 ಬಯಾಪ್ಸಿಗಳ ಲೆಕ್ಕ ಇಟ್ಟು 1986ರಲ್ಲಿ ಪ್ರಕಟಿಸಿದರು. ತೊಂದರೆ ಆದವರಲ್ಲಿ ನೂರಕ್ಕೆ 60ರಷ್ಟು ಜನಕ್ಕೆ ಅದು ಮೊದಲ ಎರಡು ಗಂಟೆಯೊಳಗೇ ಗೊತ್ತಾಗಿತ್ತು. 24 ಗಂಟೆಯೊಳಗೆ ನೂರಕ್ಕೆ 96. ಬೆಳಗ್ಗೆ ಮಾಡಿ, ಕೆಲವು ಗಂಟೆ ಮಲಗಿಸಿ ನೋಡಿ, ಸಂಜೆ ಕಳಿಸಿ, ಆದರೆ ರಾತ್ರಿ ಒಬ್ಬರನ್ನೇ ಬಿಡಬೇಡಿ ಎಂದು ಹೇಳುವುದರ ಹಿಂದೆ ಈ ಲೆಕ್ಕ ಇದೆ. ಜೋರಾಗಿ ರಕ್ತ ಹೋಗುವುದು ಬಹಳ ಅಪರೂಪ, ಸಾವಿರಾರು ಜನರಲ್ಲಿ ಒಬ್ಬರಿಗೆ. ಆ ಒಬ್ಬರನ್ನು ಬೇಗ ಗುರುತಿಸುವುದೇ ನಮ್ಮ ಕೆಲಸ.

ನಾವು ಮೊದಲ ಒಂದು ಗಂಟೆ 15 ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಬಿಪಿ, ಪಲ್ಸ್ ನೋಡುತ್ತೇವೆ. ಅಮ್ಮ ಹಾರ್ಟಿಗೆ ಮೆಟೊಪ್ರೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವಾರ್ಡಿನ ಸಿಸ್ಟರಿಗೆ ಹೇಳಿ, ಇದು ಮುಖ್ಯ. ರಕ್ತ ಹೋದರೆ ಪಲ್ಸ್ ಏರಬೇಕು. ಆ ಮಾತ್ರೆ ಅದನ್ನು ಏರಲು ಬಿಡುವುದಿಲ್ಲ. ನಂಬರ್ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಚೆನ್ನಾಗಿರುವುದಿಲ್ಲ.

ನೀವು ಅಮ್ಮನ ಬಗ್ಗೆ ಬರೆದದ್ದು ಓದಿ ನನಗೆ ಒಬ್ಬರು ನೆನಪಾದರು. ನನ್ನ ಕೆಲಸದ ಮೂರನೇ ವರ್ಷ. ಅಮ್ಮನ ವಯಸ್ಸಿನವರೇ. ಹೋಗಿ "ನೋವಿದೆಯಾ ಅಮ್ಮ?" ಅಂತ ಕೇಳಿದರೆ "ಏನಿಲ್ಲಮ್ಮ, ನೀನು ಬೇರೆಯವರನ್ನು ನೋಡು" ಅನ್ನುತ್ತಿದ್ದರು. ಪಲ್ಸ್ ಮೊದಲು 78. ಮುಂದಿನ ಸಲ 92. ನಾನು ಬರೆದುಕೊಂಡು ಹೋದೆ. ಅದರ ಮುಂದಿನ ಸಲ 110. ಆಗಲೂ ನಗುತ್ತಲೇ "ಏನಿಲ್ಲ" ಎಂದರು. ಆದರೆ ಮೇಲ್ದುಟಿಯ ಮೇಲೆ ಸಣ್ಣ ಸಣ್ಣ ಬೆವರ ಹನಿ. ಕೈ ಮುಟ್ಟಿದರೆ ತಣ್ಣಗೆ. ಬೆಡ್‌ಶೀಟನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಡಾಕ್ಟರನ್ನು ಕರೆದೆ, ಸ್ಕ್ಯಾನ್ ಮಾಡಿದರು, ಲಿವರ್ ಸುತ್ತ ರಕ್ತ ಇತ್ತು. ಸಮಯಕ್ಕೆ ಸಿಕ್ಕಿತು, ಎರಡು ಬಾಟಲಿ ರಕ್ತ ಕೊಟ್ಟರು, ನಾಲ್ಕು ದಿನ ಇದ್ದು ಚೆನ್ನಾಗಿ ಮನೆಗೆ ಹೋದರು. ಹೋಗುವಾಗ "ನೀನು ಅಷ್ಟೊಂದು ಓಡಾಡುತ್ತಿದ್ದೆ, ನಿನಗೆ ಯಾಕೆ ತೊಂದರೆ ಅಂತ ಸುಮ್ಮನಿದ್ದೆ" ಎಂದರು. 92 ಆದಾಗಲೇ ನಾನು ನಿಂತು ನೋಡಬೇಕಿತ್ತು. ಇವತ್ತಿಗೂ ಆ ನಂಬರ್ ಮರೆತಿಲ್ಲ.

ಅವತ್ತಿಂದ ನಾನು "ನೋವಿದೆಯಾ" ಅಂತ ಕೇಳುವುದನ್ನೇ ಬಿಟ್ಟೆ. ಆ ಪ್ರಶ್ನೆಗೆ ದೊಡ್ಡವರು ಯಾವಾಗಲೂ ಇಲ್ಲ ಅನ್ನುತ್ತಾರೆ. "ಹೋದ ಸಲ ಬಂದಾಗ ಇದ್ದದ್ದಕ್ಕಿಂತ ಜಾಸ್ತಿಯಾ, ಕಮ್ಮಿಯಾ?" ಅಂತ ಕೇಳುತ್ತೇನೆ. ಆಗ ಯೋಚಿಸಿ ಹೇಳುತ್ತಾರೆ. "ಒಮ್ಮೆ ದೀರ್ಘವಾಗಿ ಉಸಿರು ತೆಗೆದುಕೊಳ್ಳಿ" ಅಂತ ಹೇಳಿ ಮುಖ ನೋಡುತ್ತೇನೆ. ಹುಬ್ಬು ಸುಳ್ಳು ಹೇಳುವುದಿಲ್ಲ. ನೀವೂ ಹಾಗೇ ಮಾಡಿ. ಹೋಗುವ ಮುಂಚೆ ಅಮ್ಮನಿಗೆ ಹೀಗೆ ಹೇಳಿ: "ಸಿಸ್ಟರ್ ನಿನ್ನ ನೋವನ್ನು ಕೇಳಿಯೇ ಬರೆದುಕೊಳ್ಳಬೇಕು, ನೀನು ಹೇಳದಿದ್ದರೆ ಅವರ ಕೆಲಸ ನಿಲ್ಲುತ್ತದೆ." ತೊಂದರೆ ಕೊಡಬಾರದು ಅನ್ನುವವರು ಈ ಮಾತಿಗೆ ಬಗ್ಗುತ್ತಾರೆ.

ಸ್ವಲ್ಪ ನೋವು ಇರುವುದು ಮಾಮೂಲು, ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಎಷ್ಟು ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನೇ ಕೇಳಿ, ಲಿವರ್ ತೊಂದರೆ ಇರುವವರು ಅಲ್ವಾ. ಹೆದರಬೇಕಾದದ್ದು ಕಮ್ಮಿ ಆಗುತ್ತಿದ್ದ ನೋವು ಮತ್ತೆ ಏರಿದರೆ, ಹೊಟ್ಟೆಗೆಲ್ಲ ಹರಡಿದರೆ, ಎದ್ದಾಗ ಕಣ್ಣು ಕತ್ತಲೆ ಬಂದರೆ, ಉಸಿರು ಸಿಕ್ಕಿಕೊಂಡರೆ. ಮುಂದಿನ ದಿನಗಳಲ್ಲಿ ಜ್ವರ, ಕಪ್ಪು ಮಲ, ಕಣ್ಣು ಹಳದಿ ಆದರೂ ಅಷ್ಟೇ. ಬೆಳಗಾಗಲಿ ಅಂತ ಕಾಯಬಾರದು.


ಉತ್ತರ: ಹಸಿರು ಛತ್ರಿ

ಈಗ ಫೈಬ್ರೋಸ್ಕ್ಯಾನ್ ಇದೆಯಲ್ಲ, ಚುಚ್ಚುವುದೇ ಬೇಡ. ನನ್ನ ತಮ್ಮನಿಗೆ ಫ್ಯಾಟಿ ಲಿವರ್, ಅದರಲ್ಲೇ ನೋಡಿದರು. ಸುಮ್ನೆ ವಯಸ್ಸಾದವರಿಗೆ ಯಾಕೆ ಈ ಕಷ್ಟ? ಇನ್ನೊಬ್ಬ ಡಾಕ್ಟರನ್ನು ಕೇಳಿ ನೋಡಿ.


ಉತ್ತರ: ಹಗಲು ವಾರ್ಡಿನ ಸಿಸ್ಟರ್

ಇನ್ನೊಬ್ಬ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಫೈಬ್ರೋಸ್ಕ್ಯಾನ್ ಹೇಳುವುದು ಲಿವರ್ ಎಷ್ಟು ಗಟ್ಟಿಯಾಗಿದೆ, ಕೊಬ್ಬು ಎಷ್ಟಿದೆ ಅಂತ. ಫ್ಯಾಟಿ ಲಿವರಿಗೆ ಬಹಳ ಸಲ ಅದೇ ಸಾಕು. ಇಲ್ಲಿ ಬೇಕಾಗಿರುವುದು ಮೈಯ ಯಾವ ಜೀವಕೋಶಗಳು ಲಿವರಿನ ಮೇಲೆ ದಾಳಿ ಮಾಡುತ್ತಿವೆ ಅನ್ನುವ ಉತ್ತರ. ಅದು ಮೈಕ್ರೋಸ್ಕೋಪಿನಲ್ಲೇ ಕಾಣಬೇಕು. ಉರಿಯೂತ ಜೋರಾಗಿದ್ದಾಗ ಫೈಬ್ರೋಸ್ಕ್ಯಾನ್ ಗಟ್ಟಿತನವನ್ನು ಇರುವುದಕ್ಕಿಂತ ಜಾಸ್ತಿ ತೋರಿಸುವುದೂ ಉಂಟು. ವರ್ಷಗಟ್ಟಲೆ ಸ್ಟೀರಾಯ್ಡ್ ಕೊಡಬೇಕಾಗಬಹುದಾದವರಿಗೆ ಮೊದಲು ಖಚಿತ ಮಾಡಿಕೊಳ್ಳುವುದು ಒಳ್ಳೆಯದೇ.


ಕಿರುದೀಪ

ಸಿಸ್ಟರ್, ನಿಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಬೆಡ್‌ಶೀಟ್ ಹಿಡಿದುಕೊಂಡವರ ಜಾಗ ಬಂದಾಗ ಅಮ್ಮ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಅವರು ಈಗ ಚೆನ್ನಾಗಿದ್ದಾರಂತಾ?" ಅಂತ ಕೇಳಿದರು.

ಎರಡು ಪ್ರಶ್ನೆ ಉಳಿದಿದೆ. ನಮ್ಮ ಮನೆ ಆಸ್ಪತ್ರೆಯಿಂದ ಎರಡು ಗಂಟೆ ದಾರಿ. ಸಂಜೆ ಹೊರಟರೆ ಪರವಾಗಿಲ್ಲವಾ? ಮಲಗಿದ್ದಾಗ ಬಾತ್‌ರೂಮಿಗೆ ಹೋಗಬೇಕಾದರೆ ಏನು ಮಾಡುವುದು? ಅಮ್ಮನಿಗೆ ಅದೇ ದೊಡ್ಡ ಚಿಂತೆ, ನನ್ನ ಹತ್ತಿರ ಮೆಲ್ಲಗೆ ಹೇಳಿದರು.


ಉತ್ತರ: ಹಗಲು ವಾರ್ಡಿನ ಸಿಸ್ಟರ್

ಅವರು ಚೆನ್ನಾಗಿದ್ದಾರೆ ಅಂತ ಅಮ್ಮನಿಗೆ ಹೇಳಿ. ಆಮೇಲೆ ಎಷ್ಟೋ ವರ್ಷ ಚೆಕಪ್ಪಿಗೆ ಬಂದಾಗಲೆಲ್ಲ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು.

ಎರಡು ಗಂಟೆ ದೂರ ಜಾಸ್ತಿಯಾಯಿತು. ಮೊದಲ ರಾತ್ರಿ ಅರ್ಧ ಗಂಟೆಯಲ್ಲಿ ಆಸ್ಪತ್ರೆ ತಲುಪುವ ಹಾಗಿರಬೇಕು ಅಂತ ನಾವು ಹೇಳುತ್ತೇವೆ. ಹತ್ತಿರ ನೆಂಟರ ಮನೆಯೋ ರೂಮೋ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದು ರಾತ್ರಿ ಅಡ್ಮಿಟ್ ಮಾಡಿಕೊಳ್ಳಿ ಅಂತ ಡಾಕ್ಟರನ್ನು ಈಗಲೇ ಕೇಳಿ, ಸಂಜೆ ಕೇಳಿದರೆ ಬೆಡ್ ಇರುವುದಿಲ್ಲ.

ಬಾತ್‌ರೂಮಿನ ಚಿಂತೆ ಎಲ್ಲ ಹೆಂಗಸರಿಗೂ ಇರುತ್ತದೆ, ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಅದಕ್ಕೆ ಹೆದರಿ ಹಿಂದಿನ ದಿನದಿಂದ ನೀರೇ ಕುಡಿಯದೆ ಬರುತ್ತಾರೆ, ಬಿಪಿ ಇಳಿದಿರುತ್ತದೆ, ಆಗ ನಮಗೆ ಅನುಮಾನ. ಎಷ್ಟು ಹೊತ್ತಿನ ತನಕ ನೀರು ಕುಡಿಯಬಹುದು ಅಂತ ಅವರು ಹೇಳಿದ್ದಾರೋ ಅಲ್ಲಿಯ ತನಕ ಕುಡಿಯಲಿ. ಒಳಗೆ ಕರೆಯುವ ಸ್ವಲ್ಪ ಮುಂಚೆ ಬಾತ್‌ರೂಮಿಗೆ ಕರೆದುಕೊಂಡು ಹೋಗಿ. ಆಮೇಲೆ ಬೇಕಾದರೆ ಬೆಡ್‌ಪ್ಯಾನ್ ಕೊಡುತ್ತಾರೆ, ಪರದೆ ಎಳೆಯುತ್ತಾರೆ. ಬಿಗಿ ಇಲ್ಲದ, ಮುಂದೆ ಗುಂಡಿ ಇರುವ ಬಟ್ಟೆ ಹಾಕಿಸಿ. ಮೊದಲು ಬಲ ಮಗ್ಗುಲಿಗೆ ಮಲಗಿಸಿದರೆ ಬೆನ್ನಿಗೆ ಒಂದು ದಿಂಬು, ಮೊಣಕಾಲ ಮಧ್ಯೆ ಇನ್ನೊಂದು ಕೇಳಿ. ಬೆನ್ನು ಹಿಡಿದುಕೊಂಡು ಒದ್ದಾಡುವುದು ಅರ್ಧಕ್ಕರ್ಧ ತಪ್ಪುತ್ತದೆ. ಅಂಗಾತ ಮಲಗಬಹುದಾ ಅಂತಲೂ ಕೇಳಿ, ಈಗ ಬಹಳ ಕಡೆ ಬಿಡುತ್ತಾರೆ.


ಕಿರುದೀಪ

ಆಯಿತು. ನಿನ್ನೆ ಅಲ್ಲ ಮೊನ್ನೆ ಮಾಡಿಸಿಕೊಂಡು ಬಂದೆವು. ಗುರುವಾರ ಆಗಬೇಕಿದ್ದದ್ದು ಮುಂದಕ್ಕೆ ಹೋಯಿತು, ಯಾಕೆಂದರೆ ಹಾರ್ಟ್ ಡಾಕ್ಟರು ಆ ದಿನ ಊರಲ್ಲಿರಲಿಲ್ಲ. ಬಂದ ಮೇಲೆ ಇಬ್ಬರು ಡಾಕ್ಟರೂ ಫೋನಿನಲ್ಲಿ ಮಾತಾಡಿದರು. ಅಮ್ಮನ ವಿಷಯದಲ್ಲಿ ಐದು ದಿನ ನಿಲ್ಲಿಸಿ ಮತ್ತೆ ಶುರು ಮಾಡುವುದು ಅಂತಾಯಿತು. ಚೀಟಿಯಲ್ಲಿ ಎರಡೂ ತಾರೀಕು ಬರೆಸಿಕೊಂಡೆ. ಮೆಟೊಪ್ರೊಲಾಲ್ ಅಮ್ಮ ತೆಗೆದುಕೊಳ್ಳುತ್ತಾರೆ ಸಿಸ್ಟರ್. ಹೇಳಿದ ತಕ್ಷಣ ಅಲ್ಲಿನ ಸಿಸ್ಟರ್ ಚಾರ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಂಡರು.

ಟಪ್ ಸದ್ದನ್ನು ಮೊದಲೇ ಕೇಳಿಸಿ ಅಂದಾಗ ಡಾಕ್ಟರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಅಮ್ಮನ ಕಡೆ ಬಾಗಿ ಒತ್ತಿ ತೋರಿಸಿದರು. ನನ್ನನ್ನು ಹೊರಗೆ ಕಳಿಸಿದರು. ಹತ್ತು ನಿಮಿಷಕ್ಕೆ ಮುಗಿದೇಹೋಯಿತು.

ಮೂರನೇ ಗಂಟೆಯಲ್ಲಿ ನಾನು ಪಕ್ಕದ ಸ್ಟೂಲಿನಲ್ಲಿ ತೂಕಡಿಸುತ್ತಿದ್ದೆ. ಅಮ್ಮ ನನ್ನನ್ನು ಎಬ್ಬಿಸಲಿಲ್ಲ. ಕೈ ಎತ್ತಿ ನೇರವಾಗಿ ಸಿಸ್ಟರನ್ನೇ ಕರೆದು "ಭುಜ ಹಿಡಿದುಕೊಂಡಿದೆ, ಹೋದ ಸಲಕ್ಕಿಂತ ಸ್ವಲ್ಪ ಜಾಸ್ತಿ" ಎಂದರು. ಅವರ ಮಾತಿಗೆ ನನಗೆ ಎಚ್ಚರ ಆಯಿತು. ಬಿಪಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಡಾಕ್ಟರು ಬಂದು ಮಂಚದ ಹತ್ತಿರವೇ ಸ್ಕ್ಯಾನ್ ಮಾಡಿದರು. ರಕ್ತ ಇರಲಿಲ್ಲ. ಪ್ಯಾರಾಸಿಟಮಾಲ್ ಕೊಟ್ಟು ಎರಡು ಗಂಟೆ ಜಾಸ್ತಿ ಮಲಗಿಸಿಕೊಂಡರು. ಹತ್ತಿರವೇ ರೂಮ್ ಮಾಡಿದ್ದೆವು. ರಾತ್ರಿ ನಾಲ್ಕು ಸಲ ಅಲಾರಂ ಇಟ್ಟುಕೊಂಡು ಎದ್ದು "ಜಾಸ್ತಿಯಾ, ಕಮ್ಮಿಯಾ?" ಅಂತ ಕೇಳಿದೆ. ಮೂರು ಸಲ ಕಮ್ಮಿ ಎಂದರು. ನಾಲ್ಕನೇ ಸಲ ಗಾಢ ನಿದ್ದೆ, ಉಸಿರು ಏರಿ ಇಳಿಯುವುದನ್ನು ನೋಡಿ ಸುಮ್ಮನಾದೆ.

ಇವತ್ತು ಬೆಳಗ್ಗೆ ಪ್ಲಾಸ್ಟರ್ ತೆಗೆದೆ. ಸೊಳ್ಳೆ ಕಚ್ಚಿದಷ್ಟು ಕೆಂಪು. ಭಾರ ಎತ್ತಬೇಡಿ ಎಂದಿದ್ದಾರೆ, ನೀರು ತುಂಬಿದ ಬಕೆಟ್ ಬಚ್ಚಿಟ್ಟಿದ್ದೇನೆ. ರಿಪೋರ್ಟ್ ಶುಕ್ರವಾರ ಬರುತ್ತದೆ.